ಯತೀಶ ಬಂದ, ಬಾಗಿಲು ತೆಗಿ

ಗಾವಡಗೆರೆಯ ಮಾದೇಶನ ಗಂಟಲಿಗೆ ಆ ಹೋಬಳಿಯಲ್ಲಿ ಸಾಟಿಯಿಲ್ಲವೆಂಬ ಮಾತನ್ನು ಅದುವರೆಗೆ ಯಾವ ಮನುಷ್ಯನೂ ಅಲ್ಲಗಳೆದಿರಲಿಲ್ಲ. ಕಡೆಗೆ ಅಲ್ಲಗಳೆದದ್ದು ಒಂದು ಯಂತ್ರ.

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳ ಬೆಂಕಿ ಆರಿ, ಕಟ್ಟೆಮಳಲವಾಡಿಯ ಹರಾಜಿನಲ್ಲಿ ಸೊಪ್ಪು ಮಾರಾಟವಾಗಿ, ಜನರ ಕೈ ಬಿಡುವಾದ ಮೇಲೆ ಊರಿನಲ್ಲಿ ಪ್ರತಿವರ್ಷ ಪೌರಾಣಿಕ ನಾಟಕವಾಗುತ್ತಿತ್ತು. ಅದರಲ್ಲಿ ಖಳರಾಜನ ಪಾತ್ರ ಮಾದೇಶನಿಗೇ ಮೀಸಲು. ಮೈಕು ಕೆಟ್ಟ ರಾತ್ರಿಯೂ ಅವನ ಮಾತು ಕೆರೆಯಾಚೆಯ ಹಟ್ಟಿಗೆ ಮುಟ್ಟಿ, ಮಲಗಿದ ಮಕ್ಕಳನ್ನು ಎಬ್ಬಿಸುತ್ತಿತ್ತು. ಆದ್ದರಿಂದಲೇ, ಹುಣಸೂರಿನಲ್ಲಿ ಜನರ ದನಿ ಹಿಡಿದು ಕಂಪ್ಯೂಟರಿಗೆ ಮನುಷ್ಯರ ಭಾವ ಕಲಿಸುತ್ತಿದ್ದಾರಂತೆ ಎಂಬ ಸುದ್ದಿ ಬಂದಾಗ ಊರು ಒಂದೇ ಬಾಯಲ್ಲಿ ಅವನ ಹೆಸರು ಹೇಳಿತು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟ. ಕುಕ್ಕರಿನ ರಬ್ಬರು ತರಬೇಕೆಂದು ಹೆಂಡತಿ ಸುಕನ್ಯ ಬೈಕಿನ ಹಿಂದೆ ಕೂತಳು.

ರಸಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಗಳು. ಒಂದರಲ್ಲಿ ದನಿ ಹಿಡಿಯುವ ಕೆಲಸ, ಇನ್ನೊಂದರಲ್ಲಿ ಕೇಳುವ ಕೆಲಸ. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಮೊದಲ ಕೋಣೆಯ ಗೋಡೆಗೆ, ಬಾಗಿಲಿಗೆಲ್ಲ ಮೊಟ್ಟೆಯ ತಟ್ಟೆಗಳನ್ನು ಅಂಟಿಸಿದ್ದರು; ಸದ್ದಾಗುತ್ತದೆಂದು ಫ್ಯಾನು ಕೂಡ ನಿಲ್ಲಿಸಿದ್ದರು. ಕೆಲಸ ನೋಡಿಕೊಳ್ಳುತ್ತಿದ್ದವಳು ಸಾಲಿಗ್ರಾಮದ ವಾಣಿಶ್ರೀ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಹುಡುಗಿ. ಒಂದೇ ಮಾತನ್ನು ಸಿಟ್ಟಿನಲ್ಲಿ, ಸಂತೋಷದಲ್ಲಿ, ದುಃಖದಲ್ಲಿ, ಭಯದಲ್ಲಿ, ಅಕ್ಕರೆಯಲ್ಲಿ ಹೇಳಬೇಕು. ದನಿಯ ಏರಿಳಿತ, ವೇಗ, ಉಸಿರಿನ ಬಿಡುವುಗಳನ್ನು ಕಂಪ್ಯೂಟರು ಅಳೆದು, ಅಂಥ ಸಾವಿರಾರು ದನಿಗಳನ್ನು ಹೋಲಿಸಿ, ಯಾವುದು ಯಾವ ಭಾವವೆಂದು ಕಲಿಯುತ್ತದೆ ಎಂದು ಅವಳು ವಿವರಿಸಿದಳು. ಮುಂದೆ ಆಪತ್ತಿನಲ್ಲಿರುವವರು ಫೋನು ಮಾಡಿ, ಬಾಯಿಬಿಟ್ಟು ಹೇಳಲಾಗದೆ ತೊದಲಿದರೂ, ಅವರ ಸ್ಥಿತಿ ಅದಕ್ಕೆ ತಿಳಿಯಬೇಕಂತೆ. ಪೇಟೆಯವರ ಕನ್ನಡವನ್ನು ಅದು ಆಗಲೇ ಕಲಿತಿದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಜನರ ಮಾತು ಕೇಳಿದರೆ ಕಕ್ಕಾಬಿಕ್ಕಿಯಾಗುತ್ತದೆ.

ಮಾದೇಶ ಚಪ್ಪಲಿಯನ್ನು ಹೊರಗೆ ಬಿಟ್ಟು, ಮೈಕನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ರಂಗದ ಮೇಲೆ ನಿಲ್ಲುವಂತೆ ಹಿಂದೆ ಸರಿದು ನಿಂತ. ಗಂಡಸರಿಗೆ ಕೊಟ್ಟಿದ್ದ ಮಾತು, 'ಲಕ್ಷ್ಮಿ ಬಂದಳು, ಬಾಗಿಲು ತೆಗಿ.' ಅವನು ಅದನ್ನು ಹಾರ್ಮೋನಿಯಂ ಶ್ರುತಿಗೆ ಏರಿಸಿ, ಕೊನೆಯ ಅಕ್ಷರವನ್ನು ಎಳೆದು, ಎದೆ ತುಂಬಿ ಹೇಳಿದ. ಸಂತೋಷಕ್ಕೆ ಮೀಸೆ ತಿರುವಿದ, ದುಃಖಕ್ಕೆ ಹಣೆಗೆ ಕೈಯಿಟ್ಟ. ದನಿ ಮಾತ್ರ ಅದೇ. ನಾಟಕದ ಮೇಷ್ಟ್ರು ಕಲಿಸಿದ್ದು ಹಾಗೆಯೇ. ಕೊನೆಯ ಸಾಲಿನವನಿಗೆ ಕೇಳಿಸದ ಭಾವ ಭಾವವೇ ಅಲ್ಲ. ಅರೆಬರೆ ಕಲಿತಿದ್ದ ಕಂಪ್ಯೂಟರಿಗೆ ಅದನ್ನು ಕೇಳಿಸಿದಾಗ ಪ್ರತಿಸಾರಿಯೂ ಪರದೆಯ ಮೇಲೆ 'ಸಿಟ್ಟು' ಎಂದೇ ಮೂಡಿತು. ಪಕ್ಕದ ಕೋಣೆಯಲ್ಲಿ ಕೇಳುವ ಕೆಲಸಕ್ಕಿದ್ದ ಗುರುಮಲ್ಲಪ್ಪ, ಬಸ್ಸಿನ ಕಂಡಕ್ಟರಾಗಿ ನಿವೃತ್ತಿಯಾದವನು, ಕಿವಿಯ ಹೆಡ್‌ಫೋನು ಕಿತ್ತು ಹೇಳಿದ: "ಲಕ್ಷ್ಮಿ ಬಂದ್ರೆ ಈ ವಯ್ಯ ಬಾಗ್ಲು ತೆಗ್ಯಾಕಲ್ಲ, ಒಡ್ಯಾಕೋಗೋ ಅಂಗದೆ ಕಣವ್ವ."

ಎಲ್ಲರೂ ನಕ್ಕರು. ಮಾದೇಶನೂ ನಕ್ಕು, ಟೀ ಕುಡಿದು ಬರುತ್ತೇನೆಂದು ಕೆಳಗಿಳಿದ. ಅವನು ತಿರುಗಿ ಮೆಟ್ಟಿಲು ಹತ್ತುವಷ್ಟರಲ್ಲಿ ಲೋಕ ತಲೆಕೆಳಗಾಗಿತ್ತು. ಮೂಲೆಯ ಸ್ಟೂಲಿನಲ್ಲಿ ಸುಮ್ಮನೆ ಕೂತಿದ್ದ ಸುಕನ್ಯಳನ್ನು ವಾಣಿಶ್ರೀ ಕರೆದು ಮೈಕಿನ ಮುಂದೆ ಕೂರಿಸಿದ್ದಳು. ನಾಟಕದ ಗಾಳಿಯೂ ಸೋಕದ ಆ ಹೆಂಗಸು ಅಡುಗೆಮನೆಯಲ್ಲಿ ಮಾತಾಡುವಂತೆ ಮಾತಾಡಿದಳು. ಯಂತ್ರವೂ ಕೇಳುವವರೂ ಒಂದನ್ನೂ ತಪ್ಪದೆ ಗುರುತಿಸಿದರು. ಇಂಥ ದನಿಯನ್ನು ತಾನು ಈ ನಾಲ್ಕು ತಾಲ್ಲೂಕಿನಲ್ಲಿ ಕೇಳಿಲ್ಲವೆಂದು, ಬೇಸಿಗೆಯವರೆಗೂ ವಾರವಾರ ಬರಲೇಬೇಕೆಂದು ವಾಣಿಶ್ರೀ ಸುಕನ್ಯಳ ಕೈಹಿಡಿದು ಕೇಳುತ್ತಿದ್ದಳು. ಸುಕನ್ಯ ಕಣ್ಣರಳಿಸಿ ಗಂಡನತ್ತ ನೋಡಿದಳು. ಮಾದೇಶ ಅನುಮತಿಯೆಂಬಂತೆ ತಲೆಯಾಡಿಸಿದ. ಅವನ ಜೀವಮಾನದ ಅತ್ಯಂತ ಕೆಟ್ಟ ಅಭಿನಯ ಅದು.

ಅವನನ್ನು ಬರಿಗೈಯಲ್ಲಿ ಕಳಿಸಲು ವಾಣಿಶ್ರೀಗೆ ಮನಸ್ಸಾಗಲಿಲ್ಲ. ಶ್ರುತಿ ಹಿಡಿಯುವವರ ಕಿವಿ ಸೂಕ್ಷ್ಮವಾಗಿರುತ್ತದೆಂದು ಅವನನ್ನು ಕೇಳುವ ಕೋಣೆಗೆ ಸೇರಿಸಿಕೊಂಡಳು. ಹೀಗೆ ಗುರುಮಲ್ಲಪ್ಪ, ಅಂಗನವಾಡಿಯಲ್ಲಿ ದುಡಿದಿದ್ದ ಚಿಕ್ಕಮ್ಮ ಎಂಬ ಹೆಂಗಸು, ಮಾದೇಶ, ಮೂವರಾದರು. ಒಬ್ಬೊಬ್ಬರ ಮುಂದೆ ಒಂದೊಂದು ಪರದೆ. ಅದರಲ್ಲಿ ಐದು ಭಾವಗಳಿಗೆ ಐದು ಗುಂಡಿ, ಏನೂ ತೋರದಿದ್ದರೆ ಒತ್ತಲು 'ಏನೂ ಇಲ್ಲ' ಎಂಬ ಬೂದಿಬಣ್ಣದ ಇನ್ನೊಂದು ಗುಂಡಿ. ದನಿ ಯಾರದೆಂದು ಬರೆದಿರುವುದಿಲ್ಲ. ಒಬ್ಬರು ಒತ್ತಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ; ಯಾರು ಯಾವುದನ್ನು ಒತ್ತಿದರೆಂದು ವಾಣಿಶ್ರೀಗೂ ತಿಳಿಯುವುದಿಲ್ಲ. ಮೂವರೂ ಒಂದೇ ಗುಂಡಿ ಒತ್ತಿದ ದನಿ ಮಾತ್ರ ಯಂತ್ರದ ಪಾಠಕ್ಕೆ ಸೇರುತ್ತದೆ. ಒಬ್ಬರ ಮಾತು ಬೇರೆಯಾದರೂ ಅದು ಕಸ.

ಹೆಂಗಸರ ಹಾಳೆಯಲ್ಲಿದ್ದ ಮಾತು, 'ಮಾದೇಶ ಬಂದ, ಬಾಗಿಲು ತೆಗಿ.' ಕಲ್ಲೆಸೆದರೆ ಒಬ್ಬ ಮಾದೇಶನಿಗೆ ತಾಗುವ ಸೀಮೆಯಾದ್ದರಿಂದ ಬರೆದವರು ಆ ಹೆಸರನ್ನೇ ಹಿಡಿದಿದ್ದರು. ಮೊದಲ ದಿನ ಅವನಿಗೆ ಅದು ಸ್ವರ್ಗದಂತಿತ್ತು. ಕೆ.ಆರ್. ನಗರದ ಒಬ್ಬಳು ಅವನ ಹೆಸರು ಹಿಡಿದು ಗದರಿದಳು, ಕೋಟೆ ಕಡೆಯ ಒಬ್ಬಳು ಬಿಕ್ಕಿದಳು, ಪಿರಿಯಾಪಟ್ಟಣದ ಮುದುಕಿಯೊಬ್ಬಳು ಮೊಮ್ಮಗ ಬಂದಂತೆ ಹಿಗ್ಗಿದಳು. ಸ್ವಂತ ಹೆಂಡತಿಯ ಬಾಯಲ್ಲಿ ಒಮ್ಮೆಯೂ ಕೇಳದ ಹೆಸರು ಅದು. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿ, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆಂದಾಗಲೂ ಸುಕನ್ಯ ನಾದಿನಿಯ ಕಿವಿಯಲ್ಲಿ ಉಸುರಿ ಪಾರಾಗಿದ್ದಳು. ಪಕ್ಕದಲ್ಲೇ ನಿಂತ ಮಾದೇಶನಿಗೂ ಕೇಳಿಸಿರಲಿಲ್ಲ. ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಸವೆಯುತ್ತದೆಂದು ಅವಳ ತವರಿನ ನಂಬಿಕೆ. ಅಂದಿನಿಂದ ಅವನು 'ಇವರು', 'ಅವರು'; ಮಗಳು ಹುಟ್ಟಿದ ಮೇಲೆ 'ಚಿನ್ನು ಅಪ್ಪ.'

ಎರಡನೆಯ ದಿನ ಹೆಡ್‌ಫೋನಿನಲ್ಲಿ ಸುಕನ್ಯಳ ದನಿ ಬಂತು. ಹೆಸರು ಬರೆದಿರದಿದ್ದರೇನು, ಅವಳು ಮಾತಿಗೆ ಮುನ್ನ ಎಳೆದುಕೊಂಡ ಉಸಿರಿನಿಂದಲೇ ಅವನಿಗೆ ಗುರುತು ಸಿಕ್ಕಿತು. ದನಿ ಹೇಳಿತು: "ಯತೀಶ ಬಂದ, ಬಾಗಿಲು ತೆಗಿ."

ಮಾದೇಶ ಅದನ್ನು ಮತ್ತೆ ಕೇಳಿಸಿಕೊಂಡ. ಅದರಲ್ಲಿ ಬಳುಕಿರಲಿಲ್ಲ, ಬಿನ್ನಾಣವಿರಲಿಲ್ಲ. ಒಲೆಯ ಮುಂದೆ ಕೂತವಳು ತಾನು ಕಾದವನ ಹೆಜ್ಜೆಯನ್ನು ಅಂಗಳದಲ್ಲಿ ಗುರುತಿಸಿ, ಕೂಗಿ ಕರೆಯದೆ, ಎದ್ದು ಹೋಗುವ ಮೊದಲು ತನಗೇ ಹೇಳಿಕೊಂಡಂಥ ದನಿ. ಚಿಕ್ಕಮ್ಮ ಕಣ್ಣುಮುಚ್ಚಿ ಮುಗುಳ್ನಗುತ್ತ ಗುಂಡಿ ಒತ್ತಿದ್ದನ್ನು ಅವನು ಓರೆಗಣ್ಣಿನಲ್ಲಿ ಕಂಡ. ಯಾವ ಗುಂಡಿಯೆಂದು ನೋಡಬೇಕಾಗಿರಲಿಲ್ಲ.

ನಾಡಿನ ಹೆಂಗಸರೆಲ್ಲ ತನ್ನನ್ನು ಕರೆಯುವಾಗ ತನ್ನ ಹೆಂಡತಿ ಮಾತ್ರ ಇನ್ನೊಬ್ಬನನ್ನು ಕರೆದಿದ್ದಾಳೆ. ಗಂಡನ ಹೆಸರನ್ನು ಹೇಳಲಾರಳು, ಸರಿ. ಹಾಗೆಂದು ಲೋಕದಲ್ಲಿರುವ ಹೆಸರುಗಳಲ್ಲೆಲ್ಲ ಯತೀಶನೇ ಯಾಕೆ? ಯತೀಶ ಊರಿನ ಹಾಲಿನ ಡೈರಿಯಲ್ಲಿ ಫ್ಯಾಟು ನೋಡುವ ಹುಡುಗ. ಸುಕನ್ಯ ಎರಡು ಹೊತ್ತೂ ಅವನ ಮುಂದೆ ಕ್ಯಾನು ಇಳಿಸುತ್ತಾಳೆ. ಹೊಟ್ಟೆಕಿಚ್ಚಿಗೆ ಆ ಪರದೆಯಲ್ಲಿ ಗುಂಡಿಯಿರಲಿಲ್ಲ. ಮಾದೇಶ 'ಸಿಟ್ಟು' ಒತ್ತಿದ. ಅವಳ ಅಕ್ಕರೆಯ ದನಿ ಬಂದಾಗಲೆಲ್ಲ ಒತ್ತಿದ. ಒತ್ತುವಾಗ ಬೆರಳು ಹಗುರವಾಗಿರುತ್ತಿತ್ತು.

ಮರುದಿನ ಅವನೇ ಹಾಲು ಹೊತ್ತು ಡೈರಿಗೆ ಹೋದ. ಯತೀಶ ಹಾಲಿನ ಮಾದರಿ ತೆಗೆಯುತ್ತ, ಅಕ್ಕ ಬರಲಿಲ್ಲವೇ ಎಂದು ಕೇಳಿದ. ಮಾದೇಶ ಆ 'ಅಕ್ಕ' ಎಂಬ ಶಬ್ದವನ್ನು ಹೊಸದಾಗಿ ಪಳಗಿದ ಕಿವಿಯಿಂದ ಜಾಲಾಡಿದ. ಸಂತೋಷವಿಲ್ಲ, ಅಕ್ಕರೆಯಿಲ್ಲ, ಭಯ ಮೊದಲೇ ಇಲ್ಲ. ಬೂದಿಬಣ್ಣದ ಗುಂಡಿಗೆ ಅಳತೆ ಮಾಡಿಸಿದಂತಿತ್ತು. ಮನಸ್ಸು ನೆಟ್ಟಗಿದ್ದವನು ಅಲ್ಲಿಗೆ ಬಿಡುತ್ತಿದ್ದ. ಸಂಶಯ ಹೊಕ್ಕವನಿಗೆ ಹಗ್ಗವೂ ಹೆಡೆಯಾಡಿಸುತ್ತದೆ: ಇಷ್ಟು ಏನೂ ಇಲ್ಲದಂತೆ ಮಾತಾಡಬಲ್ಲವನು ಎಷ್ಟು ಮುಚ್ಚಿಟ್ಟಿರಬೇಕು ಎಂದು ಮಾದೇಶ ಲೆಕ್ಕ ಹಾಕಿದ. ಇನ್ನು ಹಾಲನ್ನು ತಾನೇ ತರುವುದೆಂದು ಹೇಳಿ, ಉತ್ತರಕ್ಕೂ ಕಾಯದೆ ಬಂದ.

ಇತ್ತ ಸುಕನ್ಯಳ ದನಿಗಳು ಒಂದೊಂದಾಗಿ ಕಸವಾಗುತ್ತಿದ್ದವು. ಉಳಿದ ಭಾವಗಳೆಲ್ಲ ನಿಲ್ಲುತ್ತಿದ್ದವು, ಅಕ್ಕರೆ ಮಾತ್ರ ಬೀಳುತ್ತಿತ್ತು. ಮೊದಲ ದಿನ ಚಿನ್ನದಂತಿದ್ದ ದನಿಗೆ ಏನಾಯಿತೆಂದು ವಾಣಿಶ್ರೀಗೆ ಅರ್ಥವಾಗಲಿಲ್ಲ. ಕೇಳಿದವರಲ್ಲಿ ಯಾರಿಗೋ ಅದು ಸಿಟ್ಟಾಗಿ ಕೇಳುತ್ತಿದೆಯಂತೆ ಎಂದಷ್ಟೇ ಸುಕನ್ಯಳಿಗೆ ತಿಳಿಸಿದಳು. ಮುಂದಿನ ಸಾರಿಯೂ ಹೀಗೇ ಆದರೆ ಅವಳನ್ನು ಬಿಟ್ಟು ಬೇರೊಬ್ಬರನ್ನು ಹುಡುಕಿರೆಂದು ಮೈಸೂರಿನ ಮೇಲಿನ ಕಚೇರಿಯವರು ಹೇಳಿದ್ದಾರೆಂಬುದನ್ನೂ ಮುಚ್ಚಿಡಲಿಲ್ಲ. ಸುಕನ್ಯ ಅಂದು ಉಣ್ಣಲಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ಯಾರೋ ನೀನು ಚೆನ್ನಾಗಿ ಮಾಡುತ್ತೀ ಎಂದು ಕರೆದ ಕೆಲಸ ಅದು. ಬಂದು ಸೇರಿದ ಮನೆಯಲ್ಲಿ ಗಂಟಲೆಂದರೆ ಗಂಡನದು, ಹೆಸರೆಂದರೆ ಗಂಡನದು. ಅವಳಿಗೆಂದು ಇದೊಂದು ಸಿಕ್ಕಿತ್ತು.

ಬಿಡಬಾರದೆಂದು ಅವಳು ಅಭ್ಯಾಸಕ್ಕೆ ತೊಡಗಿದಳು. ಸಂಜೆ ಹೊಲದಿಂದ ಬಂದ ಮಾದೇಶ ಕೊಟ್ಟಿಗೆಯ ಹಿಂದೆ ಕಾಲು ತೊಳೆಯುತ್ತಿದ್ದಾಗ ಒಳಗಿನಿಂದ ಅದೇ ದನಿ ಕೇಳಿಸಿತು. ಹಸುವಿನ ಮುಂದೆ ಹುಲ್ಲು ಹರವುತ್ತ ಸುಕನ್ಯ ಹೇಳಿಕೊಳ್ಳುತ್ತಿದ್ದಳು: ಯತೀಶ ಬಂದ, ಬಾಗಿಲು ತೆಗಿ. ಸರಿಬರಲಿಲ್ಲವೆಂದು ಇನ್ನೊಮ್ಮೆ, ಇನ್ನಷ್ಟು ಮೆತ್ತಗೆ. ತಾನು ಒತ್ತಿದ ಸುಳ್ಳು ಗುಂಡಿಯೇ ಅವಳ ಬಾಯಲ್ಲಿ ಆ ಹೆಸರನ್ನು ಹೀಗೆ ಪಾಲಿಶು ಮಾಡಿಸುತ್ತಿದೆಯೆಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದರಿಂದ ಉರಿ ಇಮ್ಮಡಿಯಾಯಿತೇ ಹೊರತು ಆರಲಿಲ್ಲ. ಚೊಂಬನ್ನು ಕಲ್ಲಿನ ಮೇಲೆ ಕುಕ್ಕಿದ. ಒಳಗಿನ ದನಿ ಥಟ್ಟನೆ ನಿಂತಿತು. ಅದು ನಿಂತ ರೀತಿಯೂ ಅವನಿಗೆ ಸಾಕ್ಷಿಯಾಗಿಯೇ ಕಂಡಿತು.

ಕೊನೆಯ ಅವಕಾಶದ ದಿನ ಬಂತು. ಹುಣಸೂರಿನ ದಾರಿಯಲ್ಲಿ ಕೆರೆಯ ಏರಿ ಹತ್ತಿದ ಕೂಡಲೇ ಮಾದೇಶ ಬೈಕು ನಿಲ್ಲಿಸಿದ. ಪೆಟ್ರೋಲು ಮುಗಿಯಿತೇನೋ ಎಂದು ಸುಕನ್ಯ ಇಳಿದಳು.

"ಯತೀಶ ಅಂದ್ರೆ ಯಾರು?" ಎಂದು ಅವನು ಮುಖ ತಿರುಗಿಸದೆ ಕೇಳಿದ.

"ಯಾವ ಯತೀಶ?"

"ದಿನಾ ಬಾಗ್ಲು ತೆಗುಸ್ತೀಯಲ್ಲ, ಅವ್ನು."

ಸುಕನ್ಯಳಿಗೆ ನಗು ಬಂತು. ಕನ್ನಡಿಯಲ್ಲಿ ಅವನ ಮುಖ ಕಂಡು ನಗು ಅಲ್ಲೇ ಉಳಿಯಿತು. "ಅದು ಓದೋ ಮಾತು ಕಣ್ರೀ. ಆಳೇಲಿ ಬರ್ದವ್ರೆ, ಯೋಳ್ತೀನಿ."

"ಆಳೇಲಿರೋದು ನನ್ನೆಸ್ರು. ಊರ್ ಎಂಗುಸ್ರೆಲ್ಲ ನನ್ನೆಸ್ರ ಕೂಗ್ತವ್ರೆ, ನಿಂಗೊಬ್ಳಿಗೆ ಆ ಡೈರಿಯವ್ನು ಬೇಕಾಯ್ತಾ?"

ಅವನ ಆರೋಪಕ್ಕಿಂತ ಅದರೊಳಗಿನ ಇನ್ನೊಂದು ಸಂಗತಿ ಅವಳನ್ನು ಹಿಡಿದು ನಿಲ್ಲಿಸಿತ್ತು. "ನನ್ನ ದನಿ ಅಂತ ನಿಮ್ಗೆ ಗುರ್ತು ಸಿಕ್ತಿತ್ತಾ?" ಎಂದಳು. ಅವನು ಕನ್ನಡಿಯನ್ನು ಆಚೆಗೆ ತಿರುಗಿಸಿದ. "ಸಿಟ್ಟು ಅಂತ ಒತ್ತಿದ್ದು ನೀವೇಯಾ?"

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವ ಸರದಿ ಈಗ ಅವನದಾಗಿತ್ತು. ಹಾಗೆ ಸಿಕ್ಕಿಬಿದ್ದವನು ಮಾಡುವುದನ್ನೇ ಅವನೂ ಮಾಡಿದ. ಟ್ಯಾಂಕಿನ ಮೇಲೆ ಅಂಗೈಯಿಂದ ಬಡಿದು, ರಂಗದ ಮೇಲಿನ ಆ ದೊಡ್ಡ ದನಿಯನ್ನೇ ಎತ್ತಿದ. "ಇವತ್ತು ನನ್ನೆಸ್ರ ಯೋಳು. ಅವ್ನ ಎಸ್ರ ಎಂಗ್ ಯೋಳ್ತೀಯೋ ಅಂಗೇಯ. ಇಲ್ದಿದ್ರೆ ಇನ್ನ ಆ ಮೆಟ್ಲು ಅತ್ತಬ್ಯಾಡ, ನನ್ನ ಬೈಕೂ ಅತ್ತಬ್ಯಾಡ."

ಕೆರೆಯಂಚಿನ ಬೆಳ್ಳಕ್ಕಿಗಳು ಎದ್ದು ಹೋದವು. ಸುಕನ್ಯ ಬೈಕಿನಿಂದ ದೂರ ಸರಿದು ನಿಂತಳು. ಆ ದನಿಯನ್ನು ಅವಳು ಎಷ್ಟೋ ವರ್ಷ ನಾಟಕದ ಚಪ್ಪರದಲ್ಲಿ ಕೂತು ಹೆಮ್ಮೆಯಿಂದ ಕೇಳಿದ್ದಳು. ತನ್ನ ಮೇಲೆ ಬಿದ್ದಾಗ ಅದು ಹೇಗಿರುತ್ತದೆಂದು ತಿಳಿದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದು ಹಿಂದೆ ಕೂತಳು. ಎಂದಿನಂತೆ ಅವನ ಹೆಗಲು ಹಿಡಿಯದೆ, ಸೀಟಿನ ಹಿಂದಿನ ಕಂಬಿ ಹಿಡಿದಳು.

ಮಹಡಿ ಹತ್ತಿದವಳೇ ಅವಳು ದನಿ ಹಿಡಿಯುವ ಕೋಣೆಗೆ ಹೋದಳು. ಬಾಗಿಲು ಮುಚ್ಚಿತು, ಅದರ ಮೇಲಿನ ಕೆಂಪು ದೀಪ ಹತ್ತಿತು. ದೀಪ ಉರಿಯುವಾಗ ಯಾರೂ ಬಾಗಿಲು ಬಡಿಯಬಾರದೆಂಬುದು ಅಲ್ಲಿನ ಕಟ್ಟಳೆ. ಒಳಗೆ ಎಲ್ಲ ಅಣಿಮಾಡಿಕೊಟ್ಟು ಬಂದ ವಾಣಿಶ್ರೀ, ಕೇಳುವ ಕೋಣೆಯ ಹೊಸ್ತಿಲಲ್ಲಿ ಮಾದೇಶನನ್ನು ಕಂಡು ಗೆಲುವಿನಿಂದ ಹೇಳಿದಳು: "ಅಣ್ಣ, ಅಕ್ಕ ಇವತ್ತು ಹಾಳೆಯಲ್ಲಿರೋ ಹೆಸರನ್ನೇ ಹೇಳ್ತೀನಿ ಅಂದ್ರು. ಮೊದಲ ದಿನ ಎಷ್ಟು ಕೇಳ್ಕೊಂಡ್ರೂ ಬಾಯೇ ಬಿಡ್ಲಿಲ್ಲ. ಕೊನೆಗೆ ನಾನೇ ನಮ್ಮ ತಮ್ಮನ ಹೆಸರು ಹೇಳ್ಕೊಟ್ಟೆ."

"ತಮ್ಮ ಯಾರವ್ವ?"

"ಯತೀಶ. ಸಾಲಿಗ್ರಾಮದಲ್ಲಿ ಪಿಯುಸಿ ಓದ್ತಿದ್ದಾನೆ." ಅವಳು ನಕ್ಕಳು. "ಅಕ್ಕನಿಗೆ ಅವನ ಮುಖಾನೂ ಗೊತ್ತಿಲ್ಲ. ಗೊತ್ತಿಲ್ಲದ ಹೆಸರಿಟ್ಕೊಂಡು ಅಕ್ಕರೆ ಹೇಗೆ ಬರುತ್ತೆ ಅಂತ ಕೇಳಿದೆ. 'ಎಸ್ರು ಯಾರ್ದಾದ್ರೇನವ್ವ, ನೆನ್ಯಾಕೆ ನಂಗಿರೋರು ಒಬ್ರೇ' ಅಂದ್ರು."

ಮಾದೇಶ ಪಡಸಾಲೆ ದಾಟಿ ಆ ಮುಚ್ಚಿದ ಬಾಗಿಲವರೆಗೆ ಹೋದ. ಬಡಿಯಲು ಕೈ ಎತ್ತಿದ. ತಲೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಬೇಡ, ಯತೀಶನೇ ಬರಲಿ, ಯಾವನಾದರೂ ಬರಲಿ, ನನ್ನ ಹೆಸರನ್ನು ಮಾತ್ರ ಹೇಳಬೇಡ ಎಂದು ಒಳಗಿದ್ದವಳಿಗೆ ಹೇಳಬೇಕಾಗಿತ್ತು. ಕೆರೆಯಾಚೆಗೆ ಕೇಳಿಸುವ ಗಂಟಲಿದ್ದ ಆ ಮನುಷ್ಯ ಮೊಟ್ಟೆಯ ತಟ್ಟೆ ಅಂಟಿಸಿದ ಬಾಗಿಲ ಮುಂದೆ ಬಾಯಿ ತೆರೆದು ನಿಂತ. ದೀಪ ಆರಿತು. ಗುರುಮಲ್ಲಪ್ಪ ಕೇಳುವ ಕೋಣೆಯಿಂದ, ದನಿ ಬಂತು ಬಾರಪ್ಪ ಎಂದು ಕರೆದ.

ಮಾದೇಶ ಹೆಡ್‌ಫೋನು ಹಾಕಿಕೊಂಡ. ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಎಂದಿನಂತೆ ಒಂದೇ ಎಳೆತವಲ್ಲ, ನಡುವೆ ಕಡಿದು ಮತ್ತೆ ಕೂಡಿದ ಉಸಿರು.

"ಮಾದೇಶ ಬಂದ, ಬಾಗಿಲು ತೆಗಿ."

ತನ್ನ ಹೆಸರು ಅವಳ ಬಾಯಲ್ಲಿ ಹೇಗಿರುತ್ತದೆಂದು ಅವನು ಮೊದಲ ಬಾರಿಗೆ ಕೇಳಿದ. ಅವಳು ಅಕ್ಕರೆಯಿಂದಲೇ ಹೇಳಲು ಹೆಣಗಿದ್ದಳು, ಅದು ತಿಳಿಯುತ್ತಿತ್ತು. ಹೆಸರಿನ ಮೊದಲ ಅಕ್ಷರವನ್ನು ಬಿಸಿ ಪಾತ್ರೆ ಮುಟ್ಟಿದಂತೆ ಮುಟ್ಟಿ, ಉಳಿದುದನ್ನು ಬೇಗಬೇಗನೆ ದಾಟಿದ್ದಳು. ಬಾಗಿಲು ಎನ್ನುವಲ್ಲಿ ದನಿ ಸಣ್ಣಗೆ ನಡುಗಿತ್ತು. ಹೊರಗೆ ನಿಂತವನು ಒಳಗೆ ಬರುವ ಮೊದಲು ಮನೆಯಲ್ಲಿರುವುದನ್ನೆಲ್ಲ ಸರಿಮಾಡಿಟ್ಟುಕೊಳ್ಳಲು ಹೇಳುವವಳ ದನಿ ಅದು.

ಪಕ್ಕದಲ್ಲಿ ಚಿಕ್ಕಮ್ಮ ಈ ಸಾರಿ ಮುಗುಳ್ನಗದೆ ಒತ್ತಿದಳು. ಗುರುಮಲ್ಲಪ್ಪನೂ ಒತ್ತಿದ. ಮಾದೇಶನ ಬೆರಳು ಪರದೆಯ ಮೇಲೆ ನಿಂತಿತು. ಬೇರೆ ಯಾವ ಗುಂಡಿ ಒತ್ತಿದರೂ ಈ ದನಿ ಕಸವಾಗುತ್ತದೆ. ಲೋಕದಲ್ಲಿ ಇನ್ನು ಯಾರೂ ಇದನ್ನು ಕೇಳಲಾರರು. ಅದರೊಡನೆ ಸುಕನ್ಯಳ ಕೆಲಸವೂ ಕಸ. ಇರುವುದನ್ನೇ ಒತ್ತಿದರೆ ಅವಳು ಉಳಿಯುತ್ತಾಳೆ; ತನ್ನ ಹೆಸರು ಈ ನಡುಕದೊಡನೆ ಆ ಯಂತ್ರದ ಹೊಟ್ಟೆಯಲ್ಲಿ ಕಾಯಮ್ಮಾಗಿ ಉಳಿಯುತ್ತದೆ. ಅವನು ಒಂದು ಸಾರಿ ಕಣ್ಣು ಮುಚ್ಚಿ ತೆರೆದು, 'ಭಯ' ಒತ್ತಿದ.

ಸ್ವಲ್ಪ ಹೊತ್ತಿಗೆ ವಾಣಿಶ್ರೀಯ ಸಂಭ್ರಮದ ಮಾತು ಪಡಸಾಲೆಯಲ್ಲಿ ಕೇಳಿಸಿತು. ಅಕ್ಕರೆ ಕೇಳಿದರೆ ಅಕ್ಕ ಭಯ ಕೊಟ್ಟಿದ್ದಾರೆ, ಇರಲಿ, ಮೂವರಿಗೂ ಒಂದೇ ಕೇಳಿದೆ. ಭಯವನ್ನು ಯಾರು ನಟಿಸಿದರೂ ಸುಳ್ಳಾಗುತ್ತಿತ್ತು, ಇಷ್ಟು ನಿಜವಾದದ್ದು ಇದೇ ಮೊದಲು, ಮೈಸೂರಿನವರು ಇನ್ನು ಅವಳನ್ನು ಬಿಡುವ ಮಾತಾಡುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ಸುಕನ್ಯ ಏನು ಉತ್ತರಿಸಿದಳೋ ತಿಳಿಯಲಿಲ್ಲ.

ಸಂಜೆ ಮಾದೇಶ ಬೈಕು ತಿರುಗಿಸಿ ನಿಲ್ಲಿಸಿಕೊಂಡು ಕಾದ. ಸುಕನ್ಯ ಇಳಿದು ಬಂದು, ಸೆರಗು ಸರಿಮಾಡಿಕೊಂಡು, ಹತ್ತದೆ ನಿಂತಳು.

"ತೆಪ್ಪಾಯ್ತು ಕಣೇ," ಎಂದ ಅವನು. ನಾಟಕದಲ್ಲಿ ಎಂದೂ ಬಾರದ ಸಣ್ಣ ದನಿಯಲ್ಲಿ ಅಂದ.

"ಇನ್ಮೇಕೆ ನಾನು ಬಸ್ಸಲ್ಲೇ ಬತ್ತೀನಿ," ಎಂದಳು ಸುಕನ್ಯ. "ಆಲನ್ನೂವೆ ನಾನೇ ಆಕ್ತೀನಿ. ನೀವು ನಿಮ್ಮ ಕೆಲ್ಸ ನೋಡ್ಕಳಿ."

ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಮಾದೇಶ ಬೈಕನ್ನು ಚಾಲೂ ಮಾಡದೆ ತಳ್ಳಿಕೊಂಡು ಹಿಂದೆ ಹೋದ. ಗಾವಡಗೆರೆಯ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟಿತು. ಅವನು ಅದನ್ನು ಹಿಂದೆ ಹಾಕದೆ, ಅದರ ಹೊಗೆ ಕುಡಿಯುತ್ತ, ಅವಳ ಕಿಟಕಿ ಕಾಣುವಷ್ಟು ಅಂತರದಲ್ಲೇ ಬೈಕು ಓಡಿಸಿದ. ನಡುದಾರಿಯಲ್ಲಿ ಬುಟ್ಟಿ ಹಿಡಿದ ಒಬ್ಬಳು ಮುದುಕಿ ಹತ್ತಿ ಅವಳ ಪಕ್ಕದಲ್ಲಿ ಕೂತಳು. ಇಬ್ಬರಿಗೂ ಮಾತು ಹತ್ತಿತು. ಮುದುಕಿ ಏನೋ ಕೇಳಿದಳು. ಸುಕನ್ಯ ತಲೆ ಹಿಂದಕ್ಕೆ ಚೆಲ್ಲಿ ನಕ್ಕು, ಏನೋ ಹೇಳಿದಳು. ಬೈಕಿನ ಸದ್ದಿನಲ್ಲಿ ಅದು ಅವನಿಗೆ ಕೇಳಿಸಲಿಲ್ಲ.